ಒಂದು ಉಳಿಯಬೇಕಿತ್ತು, ಮೂರು ಉಳಿಯಿತು

ನನ್ನ ಚಿಕ್ಕಮ್ಮ ಮತ್ತು ಚಿಕ್ಕಪ್ಪ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಅಷ್ಟೂ ತಿಂಗಳು ಅವರು ದಿನಕ್ಕೆ ಏಳು ಗಂಟೆ ಒಂದೇ ಮೇಜಿಗೆ ಎದುರುಬದುರು ಕೂತು, ಒಬ್ಬರು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತ ಕಳೆದಿದ್ದರು. ಎರಡೂ ನಿಜ. ಎರಡನೆಯದು ಅವರ ಕೆಲಸ.

ಮುದ್ರಣಾಲಯದ ಹಿಂಬದಿಗೆ, ಕಾಗದದ ರೀಮುಗಳ ಅಡ್ಡಗೋಡೆಯ ಆಚೆ, ಒಂದೇ ಕಿಟಕಿಯ ಒಂದು ಕೋಣೆ. ಅದು ಪ್ರೂಫ್ ಕೋಣೆ. ಅಲ್ಲಿ ಚಿಕ್ಕಪ್ಪ ಗಿರಾಕಿ ಕೊಟ್ಟ ಮೂಲಪ್ರತಿಯನ್ನು ಹಿಡಿದು ಓದುತ್ತಿದ್ದರು. ಚಿಕ್ಕಮ್ಮ ನಮ್ಮ ಪುಟದ ಮೇಲೆ ಕೆಂಪು ಪೆನ್ನು ಆಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ವ್ಯತ್ಯಾಸ ಕಂಡಲ್ಲಿ ಗುರುತು ಹಾಕುತ್ತಿದ್ದಳು. ಅಡ್ಡಗೋಡೆಯ ಈಚೆ ಕಂಪ್ಯೂಟರಿನ ಮುಂದೆ ನಾನು: ಟೈಪು ಮಾಡುವುದು, ಪುಟ ಕಟ್ಟುವುದು, ಕೆಂಪು ಗುರುತು ಇದ್ದಲ್ಲಿ ತಿದ್ದುವುದು. ಬಾಯಿ ಅವರದು, ಕಣ್ಣು ಇವಳದು, ಬೆರಳು ನನ್ನದು. ಮೂವರೂ ಸೇರಿದರೆ ಒಬ್ಬ ಸಾಧಾರಣ ಮನುಷ್ಯ.

ನಾವು ಹೆಚ್ಚಾಗಿ ಅಚ್ಚು ಹಾಕುತ್ತಿದ್ದದ್ದು ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು. ಚಿಕ್ಕಪ್ಪ ವಿರಾಮಚಿಹ್ನೆಗಳನ್ನೂ ಬಿಡದೆ ಓದಬೇಕು. ‘ವಾಕರಿಕೆ ಅಲ್ಪವಿರಾಮ ತಲೆಸುತ್ತು ಅಲ್ಪವಿರಾಮ ಅಪರೂಪಕ್ಕೆ ಸಾವು ಪೂರ್ಣವಿರಾಮ’ ಎಂದು ಅವರು ಹೆಂಡತಿಯ ಮುಖ ನೋಡದೆ ಹೇಳುತ್ತಿದ್ದರು. ಹನ್ನೊಂದು ತಿಂಗಳಲ್ಲಿ ಅವರು ಅವಳಿಗೆ ಹೇಳಿದ ಸಿಹಿಮಾತು ಅಂಥದ್ದೇ.

ಜಗಳಕ್ಕೆ ಕಾರಣ ಒಂದು ಬಸ್ಸು. ನಾವು ಅಚ್ಚು ಹಾಕಿದ ಬಸ್ ವೇಳಾಪಟ್ಟಿಯ ಮೂಲಪ್ರತಿಯಲ್ಲಿ ಕೊನೆಯ ಬಸ್ಸು ಒಂಬತ್ತು ಹತ್ತಕ್ಕೆ. ನಾನು ಟೈಪು ಮಾಡಿದ್ದೂ ಒಂಬತ್ತು ಹತ್ತು. ಚಿಕ್ಕಮ್ಮನ ಕೆಂಪು ಪೆನ್ನು ಅದನ್ನು ಹೊಡೆದು ಒಂಬತ್ತು ನಲವತ್ತು ಮಾಡಿತ್ತು. ಹಾಗೇ ಅಚ್ಚಾಯಿತು. ಮೊದಲ ದಿನವೇ ಹತ್ತೊಂಬತ್ತು ಜನ ಬಸ್ಸು ತಪ್ಪಿಸಿಕೊಂಡು ನಡೆದು ಮನೆ ಸೇರಿದರು. ಅವರಲ್ಲಿ ಒಬ್ಬರು ಚಿಕ್ಕಪ್ಪನ ಸ್ವಂತ ಅಕ್ಕ, ಅವತ್ತೇ ಹೊಸ ಚಪ್ಪಲಿ ಹಾಕಿಕೊಂಡವರು. ನಾನು ಓದಿದ್ದು ಹತ್ತೇ ಎಂದರು ಚಿಕ್ಕಪ್ಪ. ನೀವು ಓದಿದ್ದನ್ನೇ ಬರೆದೆ ಎಂದಳು ಚಿಕ್ಕಮ್ಮ. ಪೆನ್ನಿಗೆ ಸಾಕ್ಷಿ ಇರುತ್ತದೆ, ಬಾಯಿಗೆ ಇರುವುದಿಲ್ಲ. ಅವತ್ತು ಸಂಜೆ ಇಬ್ಬರೂ, ಒಬ್ಬರು ಅಡುಗೆಮನೆಯಿಂದ, ಇನ್ನೊಬ್ಬರು ಬಚ್ಚಲಿನಿಂದ, ಒಂದೇ ತೀರ್ಪು ಕೊಟ್ಟರು: ತಪ್ಪು ಯಾರದೋ ಅವರು ಮೊದಲು ಮಾತಾಡಲಿ. ತಪ್ಪು ಯಾರದೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಹಾಗಾಗಿ ಮೊದಲು ಮಾತಾಡುವವರೂ ಇರಲಿಲ್ಲ.

ಮುದ್ರಣಾಲಯದ ಯಜಮಾನರು ತಮ್ಮ ಪಾಲಿಗೆ ಒಂದು ನಿಯಮ ತಂದರು. ಎಲ್ಲಿ ಕೆಂಪು ಗುರುತು ಬೀಳುತ್ತದೋ ಅಲ್ಲಿ ಚಿಕ್ಕಮ್ಮ ಪೆನ್ನಿನಿಂದ ಮೇಜು ತಟ್ಟಬೇಕು, ಚಿಕ್ಕಪ್ಪ ತಾನು ಏನು ಓದಿದೆ ಎಂಬುದನ್ನು ಮೂಲಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಇನ್ನು ಮುಂದೆ ಬಾಯಿಗೂ ಸಾಕ್ಷಿ. ಆದರೆ ಹಳೆಯ ಬಸ್ಸು ಹೋಗಿಯಾಗಿತ್ತು.

ನಾನು ಅವರ ಮನೆಯಲ್ಲೇ ಇದ್ದೆ. ಹಾಗಾಗಿ ಅಂಚೆ ಇಲಾಖೆ ನಾನೇ. ‘ಇವರಿಗೆ ಹೇಳು, ನೀರು ಕಾದಿದೆ’ ಎಂದು ಚಿಕ್ಕಮ್ಮ ಹೇಳುವಾಗ ‘ಇವರು’ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿರುತ್ತಿದ್ದರು. ನಾನು ಹೇಳಿದ ಮೇಲೇ ಅವರಿಗೆ ಕೇಳಿಸುತ್ತಿತ್ತು. ‘ಬರ್ತೀನಿ ಅಂತ ಹೇಳು’ ಎನ್ನುತ್ತಿದ್ದರು. ಮೊದಮೊದಲು ಪದಶಃ ತಲುಪಿಸುತ್ತಿದ್ದೆ. ಆಮೇಲೆ ಸಂಪಾದಕಿಯಾದೆ. ‘ಆ ಹರಕಲು ಅಂಗಿ ಬಿಸಾಕೋಕೆ ಹೇಳು, ಭಿಕ್ಷೆಗೆ ಹೊರಟ ಹಾಗೆ ಕಾಣ್ತಾರೆ’ ಎಂದು ಬಂದದ್ದು ನನ್ನ ಕೈ ದಾಟಿದ ಮೇಲೆ ‘ನೀಲಿ ಅಂಗಿ ನಿಮಗೆ ಒಪ್ಪುತ್ತಂತೆ’ ಎಂದಾಗುತ್ತಿತ್ತು. ಚಿಕ್ಕಮ್ಮ ಪಕ್ಕದಲ್ಲೇ ನಿಂತು ಈ ತಿದ್ದುಪಡಿ ಕೇಳಿಸಿಕೊಳ್ಳುತ್ತಿದ್ದಳು; ತಡೆಯುತ್ತಿರಲಿಲ್ಲ. ‘ರೀ’ ಎಂಬ ಒಂದು ಅಕ್ಷರ ಮಾತ್ರ ಆ ಮನೆಯಿಂದ ಪೂರ್ತಿ ಕಾಣೆಯಾಗಿತ್ತು. ಅದನ್ನು ನಾನು ಸಾಗಿಸುವಂತಿರಲಿಲ್ಲ.

ಇದರ ನಡುವೆ ಬೈಂಡಿಂಗ್ ವಿಭಾಗದ ನನ್ನ ಗೆಳತಿ ಒಂದು ಮಹಡಿ ಕೋಣೆ ಹಿಡಿದಳು. ಎರಡು ಕಿಟಕಿ, ಎರಡು ಮಂಚ. ಒಂದು ನನಗೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರಿಗೆ. ನಾನು ಮನೆಯಲ್ಲಿ ವಿಷಯ ಎತ್ತಿದಾಗ ಇಬ್ಬರ ಮುಖದಲ್ಲೂ ಒಂದೇ ಗಾಬರಿ ಕಂಡಿತು. ‘ಹೋಗು, ನಾನೇನು ಕಟ್ಟಿಹಾಕಿದೀನಾ’ ಎಂದಳು ಚಿಕ್ಕಮ್ಮ. ‘ಆದ್ರೆ ಗ್ಯಾಸ್ ಮುಗಿದಿದೆ ಅಂತ ಇವರಿಗೆ ಹೇಳೋರು ಯಾರು?’ ಅದು ಪ್ರಶ್ನೆಯೇ. ನಾನು ಹೋದರೆ ಆ ಇಬ್ಬರು ಒಂದೇ ಮನೆಯಲ್ಲಿ, ಗ್ಯಾಸ್ ಇಲ್ಲದೆ, ಸಭ್ಯವಾಗಿ ಹಸಿದು ಕೂರುವವರು. ಅವರು ಮಾತಾಡದ ಹೊರತು ನನಗೆ ಬಿಡುಗಡೆ ಇರಲಿಲ್ಲ.

ಆಗ ಬಂದರು ಹವಾಮಾನದವರು.

ಅವರು ಮೂವತ್ತು ವರ್ಷ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡಿ ಹೊರಬಂದವರು. ತೆಳ್ಳಗಿನ ಮನುಷ್ಯ, ಆಕಾಶ ಶುಭ್ರವಾಗಿದ್ದರೂ ಕೈಯಲ್ಲಿ ಕೊಡೆ. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು. ಬಿಚ್ಚಿದರೆ ಹಳೆಯ ಪ್ರಿಂಟರಿನ ಉದ್ದನೆಯ ಮಡಿಕೆ ಕಾಗದ, ಎರಡೂ ಅಂಚಿಗೆ ಸಾಲುತೂತು, ಮೈತುಂಬ ಅಂಕಿ. ಕಚೇರಿಗೆ ಮೊದಲ ದೊಡ್ಡ ಕಂಪ್ಯೂಟರು ಬಂದಾಗ ಅದರ ಕೈ ಪಳಗಲಿ ಎಂದು ಅದರಿಂದ ಒಂದು ಸಂಖ್ಯೆಯನ್ನು ಬರೆಸಿದ್ದರಂತೆ. ಎಲ್ಲರೂ ನೋಡಿ ನಕ್ಕು ಮನೆಗೆ ಹೋದರು. ಇವರು ಕಾಗದವನ್ನು ಮನೆಗೆ ತಂದರು. ಈಗ ಅದು ಪುಸ್ತಕವಾಗಬೇಕು.

‘ಯಾವ ಸಂಖ್ಯೆ?’ ಎಂದು ಯಜಮಾನರು ಕೇಳಿದರು, ಫೋನ್ ನಂಬರಿರಬಹುದು ಎಂಬ ಧಾಟಿಯಲ್ಲಿ.

ಅವರು ವಿವರಿಸಿದರು. ಎರಡು ಲಕ್ಷದ ಹದಿನಾರು ಸಾವಿರದ ತೊಂಬತ್ತೊಂದು ಎರಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಬೇಕು. ಅರವತ್ತೈದು ಸಾವಿರದ ಐವತ್ತು ಅಂಕಿಗಳು ಬರುತ್ತವೆ. ಅದು ಅವಿಭಾಜ್ಯ ಸಂಖ್ಯೆ. ಒಂದರಿಂದ ಹೋಗುತ್ತದೆ, ತನ್ನಿಂದ ಹೋಗುತ್ತದೆ, ಜಗತ್ತಿನ ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು.

‘ಯಾರೂ ಪಾಲು ಮಾಡಕ್ಕಾಗಲ್ಲ ಅನ್ನಿ’ ಎಂದರು ಯಜಮಾನರು. ಅವರ ಮುದ್ರಣಾಲಯವನ್ನು ತಮ್ಮಂದಿರಿಬ್ಬರು ಪಾಲು ಕೇಳಿ ಕತ್ತರಿಸುವ ಯಂತ್ರವನ್ನೂ ಒಂದು ಗೋಡೆಯನ್ನೂ ತೆಗೆದುಕೊಂಡು ಹೋಗಿದ್ದರು. ‘ನಮ್ಮ ತಮ್ಮಂದಿರಿಗೆ ಇದನ್ನ ತೋರಿಸಬೇಡಿ. ದಾರಿ ಹುಡುಕ್ತಾರೆ.’

ಯಾಕೆ ಪುಸ್ತಕ ಎಂದು ನಾನು ಕೇಳಿದೆ. ಹವಾಮಾನದವರು ಕೊಡೆಯ ಹಿಡಿಯನ್ನು ನೋಡುತ್ತ, ‘ಮೂವತ್ತು ವರ್ಷ ನಾನು ಹೇಳಿದ್ದೆಲ್ಲ ಮಾರನೇ ದಿನ ಸುಳ್ಳಾಗೋದಮ್ಮ. ಇದೊಂದು ಸುಳ್ಳಾಗಲ್ಲ’ ಎಂದರು.

ಈಗ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಇದೇ ಸಂಖ್ಯೆ ಬರುತ್ತದೆ, ಅದನ್ನೇ ಹಾಕೋಣ ಎಂದೆ. ಬೇಡ, ತನ್ನ ಕಾಗದದಲ್ಲಿರುವುದೇ ಬೇಕು. ಅಂದರೆ ಅರವತ್ತೈದು ಸಾವಿರದ ಐವತ್ತನ್ನೂ ನಾನು ಕುಟ್ಟಬೇಕು. ಪುಟಕ್ಕೆ ಇಪ್ಪತ್ತು ಸಾಲು, ಸಾಲಿಗೆ ಐವತ್ತು ಅಂಕಿ, ಪುಟಕ್ಕೆ ಸಾವಿರ. ಲೆಕ್ಕ ಹಾಕಿದಾಗ ಅರವತ್ತೈದು ಪುಟ ತುಂಬಿ, ಅರವತ್ತಾರನೆಯದರ ತಲೆಯಲ್ಲಿ ಒಂದೇ ಒಂದು ಸಾಲು ಉಳಿಯಿತು. ಪುಟದ ಮೇಲೆ ಒಂಟಿ ಸಾಲು ನಿಲ್ಲಿಸುವುದು ನಮ್ಮ ಕಸುಬಿನಲ್ಲಿ ಅಪಶಕುನ. ಯಜಮಾನರು ಕರುಣೆಯಿಂದ ಸಲಹೆ ಕೊಟ್ಟರು: ಆ ಸಾಲು ತೆಗೆದುಬಿಡೋಣ, ಅಲ್ಲಿವರೆಗೆ ಓದಿಕೊಂಡು ಬರೋರು ಯಾರು. ಹವಾಮಾನದವರು ಕುರ್ಚಿಯ ಹಿಂಬದಿ ಹಿಡಿದುಕೊಂಡರು. ಅವರಿಗೆ ನೀರು ಕೊಟ್ಟೆವು.

ಸುಧಾರಿಸಿಕೊಂಡ ಮೇಲೆ ಪ್ರೂಫ್ ಕೋಣೆಗೆ ಬಂದು ಬಾಯಿ ಮತ್ತು ಕಣ್ಣಿಗೆ ಎಚ್ಚರಿಕೆ ಹೇಳಿದರು. ಒಂದು ಅಂಕಿ ತಪ್ಪಿದರೂ ಇದು ಇದಲ್ಲ. ದಾರಿಯಲ್ಲಿ ಹೋಗುವ ಯಾವುದೋ ಸಂಖ್ಯೆ. ತಪ್ಪಿದೆಯೋ ಇಲ್ಲವೋ ಎಂದು ತಿಳಿಯಲು ತನ್ನ ಬಳಿ ಒಂದು ಉಪಾಯವಿದೆ. ಎರಡುಗಳನ್ನು ಗುಣಿಸುತ್ತ ಹೋಗಿ ಒಂಬತ್ತರಿಂದ ಭಾಗಿಸಿ ನೋಡಿದರೆ ಶೇಷಗಳು ಎರಡು, ನಾಲ್ಕು, ಎಂಟು, ಏಳು, ಐದು, ಒಂದು ಎಂದು ಆರು ಹೆಜ್ಜೆಗೊಮ್ಮೆ ಸುತ್ತು ಹಾಕುತ್ತವೆ. ಇವರ ಎರಡುಗಳ ಸಾಲು ಮುಗಿಯುವುದು ಸುತ್ತಿನ ಮೊದಲ ಹೆಜ್ಜೆಯಲ್ಲಿ. ಅಲ್ಲಿ ಎರಡು; ಒಂದು ಕಳೆದರೆ ಒಂದು. ಇನ್ನು ಯಾವ ಸಂಖ್ಯೆಯೇ ಆದರೂ, ಅದರ ಅಂಕಿಗಳನ್ನೆಲ್ಲ ಕೂಡಿ ಒಂಬತ್ತರಿಂದ ಭಾಗಿಸಿದರೆ ಅದೇ ಶೇಷ ಬರುತ್ತದೆ. ಆದ್ದರಿಂದ ಪುಸ್ತಕದ ಅಂಕಿಗಳನ್ನೆಲ್ಲ ಅವರು ಕೂಡುತ್ತಾರೆ, ಒಂದು ಉಳಿಯಬೇಕು. ಬೇರೇನೇ ಉಳಿದರೂ ಎಲ್ಲೋ ತಪ್ಪಾಗಿದೆ. ಆಗ ಗುರುತುಗಳನ್ನು ಒಂದೊಂದಾಗಿ ನೋಡಿದರೆ ಯಾರದೆಂದೂ ಗೊತ್ತಾಗುತ್ತದೆ.

‘ಯಾರದೆಂದೂ’ ಎಂದಾಗ ಚಿಕ್ಕಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡರು. ಹೆದರಿದ್ದಾರೆ ಎಂದುಕೊಂಡೆ.

ಟೈಪು ಮಾಡಲು ನನಗೆ ಎಂಟು ದಿನ ಹಿಡಿಯಿತು. ಐದನೆಯ ದಿನ ಕನಸಿನಲ್ಲಿ ಒಂದು ಸೊನ್ನೆ ಬಂದು ಬಾಗಿಲು ತಟ್ಟಿತು. ಆಮೇಲೆ ಓದು ಶುರುವಾಯಿತು, ದಿನಕ್ಕೆ ಹನ್ನೊಂದು ಪುಟದಂತೆ ಆರು ದಿನ.

ಏಳು, ನಾಲ್ಕು, ಆರು, ಸೊನ್ನೆ, ಒಂಬತ್ತು, ಮೂರು, ಒಂದು, ಸೊನ್ನೆ, ಮೂರು. ಚಿಕ್ಕಪ್ಪ ಮೊದಲ ದಿನ ಔಷಧಿಯ ಧ್ವನಿಯಲ್ಲೇ ಓದಿದರು. ಎರಡನೆಯ ದಿನಕ್ಕೆ ಅವರಿಗೆ ದಾರಿ ಸಿಕ್ಕಿತು. ಔಷಧಿಯ ಚೀಟಿಗೆ ಅದರದೇ ಅರ್ಥವಿರುತ್ತದೆ, ಅದರೊಳಗೆ ನಮ್ಮದನ್ನು ತೂರಿಸಲು ಜಾಗವಿಲ್ಲ. ಅಂಕಿಗೆ ಅರ್ಥವೇ ಇಲ್ಲ. ಏನು ಬೇಕಾದರೂ ಹೇರಬಹುದು. ಅವರು ‘ಎಂಟು’ ಎಂದರೆ ಕೆಲವು ಸಲ ಗ್ಯಾಸ್ ಮುಗಿದಿತ್ತು, ಕೆಲವು ಸಲ ಮೊಣಕಾಲು ನೋಯುತ್ತಿತ್ತು. ಮೂರು ಸೊನ್ನೆ ಒಟ್ಟಿಗೆ ಬಂದಾಗ ಧ್ವನಿ ಇಳಿಸಿ, ಮೂರನೆಯದನ್ನು ಬಹುತೇಕ ಕ್ಷಮೆ ಕೇಳುವಂತೆ ಬಿಟ್ಟರು. ಚಿಕ್ಕಮ್ಮ ಉತ್ತರ ಕೊಡುವಂತಿರಲಿಲ್ಲ. ಅವಳ ಕೆಲಸ ಕೇಳುವುದು. ಆದರೆ ಕೇಳುವುದರಲ್ಲೂ ತರಹೇವಾರಿ. ನಾಲ್ಕನೆಯ ದಿನ ಕಾಗದ ತರಲು ಒಳಗೆ ಹೋದಾಗ ಅವಳು ತಲೆ ಒಂದು ಬದಿಗೆ ವಾಲಿಸಿ, ಯಾರೋ ಹಾಡುವುದನ್ನು ಕೇಳುವವಳ ಹಾಗೆ ಕೂತಿದ್ದಳು. ನನ್ನನ್ನು ಕಂಡು ತಲೆ ನೆಟ್ಟಗೆ ಮಾಡಿದಳು. ಮನೆಗೆ ಹೋದರೆ ಮತ್ತೆ ‘ಇವರಿಗೆ ಹೇಳು’. ತಪ್ಪು ಯಾರದೋ ಅವರು ಮೊದಲು ಮಾತಾಡಬೇಕು. ಆ ಕಾನೂನು ಹಾಗೇ ಜಾರಿಯಲ್ಲಿತ್ತು.

ಕೊನೆಯ ದಿನ ಅರವತ್ತಾರನೆಯ ಪುಟದ ಒಂಟಿ ಸಾಲು ಮುಗಿದು, ನಾಲ್ಕು, ನಾಲ್ಕು, ಏಳು ಎಂದು ನಿಂತಾಗ ಮಷಿನ್ ವಿಭಾಗದವರೂ ಬಂದು ಬಾಗಿಲಲ್ಲಿ ನಿಂತಿದ್ದರು. ಒಟ್ಟು ನಲವತ್ತೊಂದು ಕೆಂಪು ಗುರುತುಗಳು. ನಲವತ್ತೊಂದನ್ನೂ ತಿದ್ದಿ ಹೊಸ ಪ್ರತಿ ತೆಗೆದೆ.

ಹವಾಮಾನದವರು ಮುಂಬಾಗಿಲ ಬೆಂಚಿನ ಮೇಲೆ ಎರಡು ದಿನ ಕೂತು, ಪೆನ್ಸಿಲ್ ಹಿಡಿದು, ಪುಟಪುಟವನ್ನೂ ಕೂಡಿದರು. ಎರಡನೆಯ ದಿನ ಮಧ್ಯಾಹ್ನ ಎದ್ದು ಬಂದರು. ಒಂಬತ್ತರಿಂದ ಭಾಗಿಸಿದರೆ ಒಂದು ಉಳಿದಿತ್ತು. ಯಜಮಾನರ ಕೈ ಕುಲುಕಿದರು, ನನ್ನ ಕೈ ಕುಲುಕಿದರು, ಪ್ರೂಫ್ ಕೋಣೆಗೆ ನುಗ್ಗಿ ಆ ಇಬ್ಬರ ಕೈಗಳನ್ನೂ ಒಟ್ಟಿಗೆ ಹಿಡಿದು ಕುಲುಕಿದರು. ಅರವತ್ತೈದು ಸಾವಿರದಲ್ಲಿ ಒಂದೂ ತಪ್ಪಿಲ್ಲ, ಇಂಥ ಜೋಡಿಯನ್ನು ತಾನು ನೋಡೇ ಇಲ್ಲ ಎಂದರು.

ನಾನು ಹಿಂದೆ ನಿಂತು ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಪಾಸಾದವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ಇವು ಅಂಥವಲ್ಲ. ಚಿಕ್ಕಮ್ಮ ನಂಬಲಾಗದೆ ಹವಾಮಾನದವರನ್ನು ನೋಡುತ್ತಿದ್ದಳು. ಚಿಕ್ಕಪ್ಪ ಗೋಡೆಯನ್ನು ನೋಡುತ್ತಿದ್ದರು. ಸಾವಿನ ಸುದ್ದಿ ತಂದವರಿಗೂ ನಾವು ಇದಕ್ಕಿಂತ ಒಳ್ಳೆಯ ಮುಖ ತೋರಿಸುತ್ತೇವೆ.

ಸಂಜೆ ಬಟ್ಟೆ ಮಡಚುವಾಗ ಚಿಕ್ಕಮ್ಮ ಕೇಳಿದಳು, ‘ಆ ಮನುಷ್ಯ ಸರಿಯಾಗಿ ಕೂಡಿದಾರಾ? ವಯಸ್ಸಾಗಿದೆ. ಇನ್ನೊಂದು ಸಲ ಕೂಡೋಕೆ ಹೇಳು.’ ನಾನು ಹೂಂ ಎಂದು ಜಗಲಿಗೆ ಬಂದರೆ ಚಿಕ್ಕಪ್ಪ ಪತ್ರಿಕೆಯ ಮರೆಯಿಂದ, ‘ಹವಾಮಾನ ಇಲಾಖೆಯವರ ಲೆಕ್ಕ, ನಂಬೋಕಾಗಲ್ಲ. ಮತ್ತೊಮ್ಮೆ ನೋಡೋಕೆ ಹೇಳು’ ಎಂದರು. ಒಬ್ಬರಿಗೊಬ್ಬರು ಕಳಿಸುವುದನ್ನು ಬಿಟ್ಟು ಇಬ್ಬರೂ ಒಂದೇ ವಿಳಾಸಕ್ಕೆ ಒಂದೇ ಸಂದೇಶ ಕಳಿಸಿದ್ದು ಹನ್ನೊಂದು ತಿಂಗಳಲ್ಲಿ ಅದೇ ಮೊದಲು.

ನಾನು ಮಾರನೆಯ ದಿನ ತಲುಪಿಸಿದೆ. ಹವಾಮಾನದವರು ಕರಗಿಯೇ ಹೋದರು. ಪಾಸಾದ ಮೇಲೂ ಮತ್ತೆ ಪರೀಕ್ಷೆ ಬೇಕೆನ್ನುವ ಕೆಲಸಗಾರರು ಈ ಕಾಲದಲ್ಲೂ ಇದ್ದಾರೆಯೇ ಎಂದರು. ಹಾಗಿದ್ದರೆ ಅದನ್ನೇ ಮತ್ತೆ ಕೂಡುವುದಿಲ್ಲ. ಇನ್ನೂ ಸಣ್ಣ ಕಣ್ಣಿನ ಜರಡಿ ಒಂದಿದೆ. ಹನ್ನೊಂದರ ಜರಡಿ. ಕೊನೆಯ ಅಂಕಿಯಿಂದ ಹಿಂದಕ್ಕೆ ಬರುತ್ತ ಒಂದು ಬಿಟ್ಟು ಒಂದು ಕೂಡುವುದು. ಬಿಟ್ಟವನ್ನು ಬೇರೆ ಕೂಡುವುದು. ಮೊದಲ ಮೊತ್ತದಿಂದ ಎರಡನೆಯದನ್ನು ಕಳೆದು ಹನ್ನೊಂದರಿಂದ ಭಾಗಿಸುವುದು. ಇಲ್ಲೂ ಉಳಿಯಬೇಕಾದದ್ದು ಒಂದೇ. ಹನ್ನೊಂದಕ್ಕೆ ಹತ್ತು ಹೆಜ್ಜೆಯ ಸುತ್ತು. ಇವರ ಸಂಖ್ಯೆ ಅಲ್ಲೂ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ.

ಇನ್ನೆರಡು ದಿನ ಬೆಂಚು. ಮೂರು ಉಳಿಯಿತು.

ಮತ್ತೆ ಕೂಡಿದರು. ಮತ್ತೆ ಮೂರು. ಅವರು ಕೊಡೆಯನ್ನು ಬೆಂಚಿನ ಮೇಲೇ ಮರೆತು, ಯಜಮಾನರ ಮುಂದೆ ಬಂದು ಕೂತರು. ಒಂಬತ್ತು ಒಪ್ಪಿ ಹನ್ನೊಂದು ಒಪ್ಪುವುದಿಲ್ಲ ಎಂದರೆ ಅರ್ಥ ಸರಳ ಎಂದರು. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿವೆ, ಅವುಗಳ ನಡುವಿನ ವ್ಯತ್ಯಾಸ ಒಂದು. ಮೊತ್ತ ಬದಲಾಗದು, ಆದ್ದರಿಂದ ಒಂಬತ್ತಿಗೆ ಕಾಣದು. ಇಂಥ ತಪ್ಪು ಮಾಡುವುದು ಬಾಯಿಯೂ ಅಲ್ಲ, ಕಣ್ಣೂ ಅಲ್ಲ. ಬೆರಳು.

ಎಲ್ಲರೂ ನನ್ನ ಬೆರಳುಗಳನ್ನು ನೋಡಿದರು. ನಾನು ಅವನ್ನು ಮೇಜಿನ ಕೆಳಗೆ ಇಳಿಸಿದೆ.

ಅರವತ್ತೈದು ಸಾವಿರದಲ್ಲಿ ಎರಡು. ಎಲ್ಲಿ ಎಂದು ಹುಡುಕುವುದು? ಯಜಮಾನರು ನಯವಾಗಿಯೇ, ಭಾನುವಾರ ಬಂದು ಪೂರ್ತಿ ಇನ್ನೊಮ್ಮೆ ತಾಳೆ ನೋಡು ಎಂದರು. ನಾನು ಜಾಗಕ್ಕೆ ಮರಳಿ, ಅಳು ಬರುತ್ತದೆಯೋ ಎಂದು ಕಾಯುತ್ತ ಕೂತಿದ್ದಾಗ ಚಿಕ್ಕಮ್ಮ ಅಡ್ಡಗೋಡೆ ದಾಟಿ ಬಂದಳು. ಹೆಗಲ ಮೇಲೆ ಕೈಯಿಟ್ಟು, ಆ ಕಡೆ ಕೇಳದ ಹಾಗೆ ಮೆಲ್ಲಗೆ, ‘ನಿನ್ನ ಬೆರಳು ಹಂಗೆಲ್ಲ ಮಾಡಲ್ಲ ಕಣೇ. ಇಪ್ಪತ್ತಮೂರನೇ ಪುಟ ನೋಡು’ ಎಂದು ಹೋದಳು. ಯಾಕೆ ಇಪ್ಪತ್ತಮೂರು ಎಂದು ಯೋಚಿಸುತ್ತಿರುವಾಗಲೇ ಚಿಕ್ಕಪ್ಪ ನೀರು ಕುಡಿಯುವ ನೆಪದಲ್ಲಿ ಬಂದರು. ಒಂದು ಲೋಟ ಕುಡಿದರು. ಇನ್ನೊಂದು ಲೋಟ ತುಂಬಿಕೊಂಡು, ‘ಐವತ್ತೆಂಟನೇ ಪುಟದಿಂದ ಶುರು ಮಾಡು. ಸಮಯ ಉಳಿಯುತ್ತೆ’ ಎಂದು, ಅದನ್ನು ಕುಡಿಯದೆ ಇಟ್ಟು ಹೋದರು.

ನಾನು ಮೂಲಪ್ರತಿಯನ್ನೂ ಕೆಂಪು ಗುರುತಿನ ಹಳೆಯ ಪ್ರೂಫನ್ನೂ ಪಕ್ಕಪಕ್ಕ ಹರಡಿದೆ.

ಇಪ್ಪತ್ತಮೂರನೆಯ ಪುಟ. ನಡುವಿನ ಒಂದು ಸಾಲಿನಲ್ಲಿ ನಾನು ನಾಲ್ಕು ಎಂದು ಟೈಪು ಮಾಡಿದ್ದೆ. ಮೂಲದಲ್ಲೂ ನಾಲ್ಕೇ. ಚಿಕ್ಕಮ್ಮ ಅದನ್ನು ಹೊಡೆದು, ಶಾಲೆಯ ಮಕ್ಕಳು ಕಾಪಿ ಬರೆಯುವಷ್ಟು ದುಂಡಗೆ, ಐದು ಎಂದು ಬರೆದಿದ್ದಳು. ಮೂಲದ ಅಂಚಿನಲ್ಲಿ ಚಿಕ್ಕಪ್ಪನ ಪೆನ್ಸಿಲ್ ಇಲ್ಲ. ಅವಳು ಮೇಜು ತಟ್ಟಿರಲಿಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ. ಕಣ್ಣು ಒಂಟಿಯಾಗಿ ಮಾಡಿದ ತಪ್ಪು.

ಐವತ್ತೆಂಟನೆಯ ಪುಟ. ನಾನು ಟೈಪು ಮಾಡಿದ್ದು ಏಳು, ಮೂಲದಲ್ಲೂ ಕಣ್ಣಿಗೆ ಹೊಡೆಯುವಂತೆ ಏಳು. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಓದಿದ್ದು: ಆರು’. ಯಾವ ಗುರುತಿನ ಪಕ್ಕದಲ್ಲೂ ಸಹಿ ಹಾಕುವ ಪದ್ಧತಿ ಇಲ್ಲ. ಇಲ್ಲಿ ಸಹಿ ಇತ್ತು, ಬ್ಯಾಂಕಿಗೆ ಹಾಕುವ ಪೂರ್ತಿ ಸಹಿ. ಚಿಕ್ಕಮ್ಮ ಕೇಳಿದ್ದನ್ನು ನಂಬಿ ಏಳನ್ನು ಆರು ಮಾಡಿದ್ದಳು.

ನಾನು ಕುರ್ಚಿಗೆ ಒರಗಿದೆ. ನಲವತ್ತೊಂದರಲ್ಲಿ ಮೂವತ್ತೊಂಬತ್ತು ತಪ್ಪುಗಳು ನನ್ನವು, ಅವೆಲ್ಲ ಸಿಕ್ಕಿ ಸರಿಯಾಗಿದ್ದವು. ಉಳಿದೆರಡು ತಪ್ಪುಗಳೇ ಅಲ್ಲ, ಅರ್ಜಿಗಳು. ಹಳೆಯ ಬಸ್ಸಿನ ತಪ್ಪನ್ನು ಒಪ್ಪಿಕೊಳ್ಳಲು ಇಬ್ಬರಿಗೂ ಆಗುವಂತಿರಲಿಲ್ಲ, ಯಾಕೆಂದರೆ ಇಬ್ಬರಿಗೂ ಅದು ತಮ್ಮದಲ್ಲವೆಂದು ಖಚಿತವಿತ್ತು. ಕಾನೂನು ಮುರಿಯಲೂ ಆಗದು. ಮೊದಲು ಮಾತಾಡಬೇಕಾದರೆ ತಪ್ಪಿತಸ್ಥರಾಗಬೇಕು. ಹಾಗಾದರೆ ಒಂದು ಹೊಸ ತಪ್ಪು ಬೇಕು, ಚಿಕ್ಕದು, ಸ್ವಂತದ್ದು, ಹವಾಮಾನದವರ ಒಂಬತ್ತಿಗೆ ಖಂಡಿತ ಸಿಕ್ಕಿಬೀಳುವಂಥದ್ದು. ಇಬ್ಬರೂ ಯೋಚಿಸಿದ್ದು ಒಂದೇ, ಒಬ್ಬರಿಗೊಬ್ಬರು ಹೇಳದೆ. ಅವಳು ಒಂದು ಏರಿಸಿದಳು. ಅವರು ಒಂದು ಇಳಿಸಿದರು. ಮೊತ್ತ ಎಲ್ಲಿತ್ತೋ ಅಲ್ಲೇ ನಿಂತಿತು; ಒಂಬತ್ತು ಇಬ್ಬರನ್ನೂ ನೋಡದೆ ಮುಂದೆ ಹೋಯಿತು. ಹನ್ನೊಂದು ಒಂದು ಬಿಟ್ಟು ಒಂದು ಕೂಡುತ್ತದಲ್ಲ, ಇವಳದು ಕೂಡುವ ಸಾಲಿಗೆ ಬಿದ್ದಿತ್ತು, ಅವರದು ಕಳೆಯುವ ಸಾಲಿಗೆ. ಕೂಡುವುದರಲ್ಲಿ ಒಂದು ಹೆಚ್ಚು, ಕಳೆಯುವುದರಲ್ಲಿ ಒಂದು ಕಡಿಮೆ. ಆ ಎರಡು ಸೇರಿ, ಉಳಿಯಬೇಕಿದ್ದ ಒಂದು ಮೂರಾಯಿತು.

ಎರಡೂ ಪುಟಗಳನ್ನು ಎತ್ತಿಕೊಂಡು ಪ್ರೂಫ್ ಕೋಣೆಗೆ ಹೋದೆ. ಅವರು ಕಣ್ಣಿನ ಹನಿಯ ಚೀಟಿ ಓದುತ್ತಿದ್ದರು. ಪುಟಗಳನ್ನು ಮೇಜಿನ ಮಧ್ಯೆ ಇಟ್ಟು, ಈ ಸಲ ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದೆ.

ಇಬ್ಬರೂ ಬಗ್ಗಿ ನೋಡಿದರು. ಚಿಕ್ಕಮ್ಮ ಐವತ್ತೆಂಟನ್ನು ನೋಡಿದಳು,  ಚಿಕ್ಕಪ್ಪ ಇಪ್ಪತ್ತಮೂರನ್ನು. ಮಷಿನ್ ವಿಭಾಗದಲ್ಲಿ ಯಾರೋ ಯಂತ್ರ ನಿಲ್ಲಿಸಿದರು.

‘ತಪ್ಪು ನಂದು’ ಎಂದರು ಇಬ್ಬರೂ, ಒಟ್ಟಿಗೆ.

ನಾನು ಉಸಿರು ಬಿಡುವಷ್ಟರಲ್ಲಿ ಚಿಕ್ಕಮ್ಮ ತಲೆಯೆತ್ತಿದಳು. ‘ರೀ, ನಾನು ಮೊದಲು ಹೇಳಿದ್ದು.’

‘ಒಟ್ಟಿಗೇ ಹೇಳಿದ್ದು ಕಣೇ.’

‘ನಂದು ಇಪ್ಪತ್ತಮೂರು. ನಿಮ್ಮದು ಐವತ್ತೆಂಟು. ಯಾವುದು ಮೊದಲು ಬರುತ್ತೆ?’

‘ಪುಟ ಮೊದಲು ಬಂದ್ರೆ ಆಯ್ತಾ? ನಾನು ಮೊದಲನೇ ದಿನವೇ ತೀರ್ಮಾನ ಮಾಡಿದ್ದೆ. ಒಳ್ಳೆ ಏಳು ಸಿಗಲಿ ಅಂತ ಕಾಯ್ತಿದ್ದೆ.’

‘ಐವತ್ತೆಂಟು ಪುಟದವರೆಗೆ ಏಳೇ ಸಿಗಲಿಲ್ವಾ ನಿಮಗೆ? ಹೆದರಿದ್ರಿ ಅನ್ನಿ.’

‘ಹೆದರದೆ ಇರ್ತಾರಾ? ಹವಾಮಾನದವರ ಆಸ್ತಿ ಅದು. ನೀನು ನೋಡು, ಹೃದಯವೇ ಇಲ್ಲದವಳ ಹಾಗೆ ಇಪ್ಪತ್ತಮೂರರಲ್ಲೇ—’

‘ಹೃದಯ ಇಲ್ಲದವಳು ಐದನ್ನ ಅಷ್ಟು ದುಂಡಗೆ ಬರೀತಾಳಾ?’

ಅಷ್ಟರಲ್ಲಿ ಯಜಮಾನರು ಜಗಳ ಬಿಡಿಸಲು ಓಡಿ ಬಂದರು. ಅವರ ಹಿಂದೆ ಹವಾಮಾನದವರು. ವಿಷಯ ಕೇಳಿದ ಹವಾಮಾನದವರು ಎರಡೂ ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇಕೆಂದೇ ತಪ್ಪು ಮಾಡುವವರನ್ನು ಅವರು ಕಂಡಿರಲಿಲ್ಲ. ಅವರ ಕಚೇರಿಯಲ್ಲಿ ಎಲ್ಲವೂ ಪ್ರಾಮಾಣಿಕವಾಗಿಯೇ ತಪ್ಪುತ್ತಿತ್ತು. ಆ ಎರಡು ಅಂಕಿ ಸರಿ ಮಾಡಿ ಅಚ್ಚಿಗೆ ಹಾಕುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಈ ಇಬ್ಬರ ಕೈಯಲ್ಲಿ ಇನ್ನೂ ಯಾವ ಯಾವ ಒಲವು ಎಲ್ಲೆಲ್ಲಿ ಅಡಗಿದೆಯೋ ಯಾರು ಬಲ್ಲರು. ಮೊದಲಿನಿಂದ, ಪೂರ್ತಿ, ಇನ್ನೊಂದು ಸಲ ಓದಬೇಕು ಎಂದರು. ಶಿಕ್ಷೆ ಕೊಟ್ಟವರ ಗತ್ತಿನಲ್ಲೇ ಕೊಡೆ ಹುಡುಕುತ್ತ ಹೋದರು.

ಆರು ದಿನದ ಕೆಲಸ ಮತ್ತೆ. ಚಿಕ್ಕಪ್ಪ ಆಗಲೇ ಕನ್ನಡಕ ಹಾಕಿಕೊಂಡಿದ್ದರು.

ತಿಂಗಳ ಕೊನೆಗೆ ಇನ್ನೂ ಎರಡು ದಿನ ಇರುವಾಗ ಗೆಳತಿಗೆ ಹೂಂ ಎಂದೆ. ಪೆಟ್ಟಿಗೆ ಕಟ್ಟುವಾಗ ಚಿಕ್ಕಮ್ಮ ಬಂದು, ದಿಂಬಿಗೆ ಇನ್ನೊಂದು ಹೊದಿಕೆ ತುರುಕಿ, ‘ಇವರಿಗೆ ಹೇಳು, ಆಟೋ—’ ಎಂದು ಅರ್ಧಕ್ಕೆ ನಿಂತಳು. ಹನ್ನೊಂದು ತಿಂಗಳ ಅಭ್ಯಾಸ. ಆಮೇಲೆ ಬಾಗಿಲಿಗೆ ಹೋಗಿ ಅವಳೇ ‘ರೀ’ ಎಂದು ಕೂಗಿದಳು.

ಬೈಂಡಿಂಗಿಗೆ ಹೋಗುವ ದಾರಿ ಪ್ರೂಫ್ ಕೋಣೆಯ ಕಿಟಕಿಯ ಕೆಳಗೇ. ಎರಡನೆಯ ಓದಿನ ಮೂರನೆಯ ದಿನ ಅಲ್ಲಿ ಸ್ವಲ್ಪ ನಿಂತೆ. ಚಿಕ್ಕಪ್ಪನ ಧ್ವನಿ ಬರುತ್ತಿತ್ತು, ಔಷಧಿಯದಲ್ಲ, ಬೇರೆ.

‘ನಾಲ್ಕು, ಒಂಬತ್ತು, ಸೊನ್ನೆ, ಬೆಳಿಗ್ಗೆ ಉಪ್ಪು ಜಾಸ್ತಿ ಆಗಿತ್ತು, ಎರಡು, ಎಂಟು.’

‘ರೀ, ನಿಲ್ಲಿಸಿ. ಸೊನ್ನೆ ಆದ್ಮೇಲೆ ಏನು?’

‘ಎರಡು.’

‘ಅಲ್ಲ, ಅದಕ್ಕೆ ಮುಂಚೆ.’

‘ಉಪ್ಪು.’

‘ಅಂಚಿನಲ್ಲಿ ಬರೀರಿ’ ಎಂದಳು ಚಿಕ್ಕಮ್ಮ. ‘ಓದಿದ್ದು ಉಪ್ಪು ಅಂತ. ಸಹಿ ಹಾಕಿ.’